ಕೆಲಸ ಮುಗಿಸಿದ ನರವಾಹಕ ಎಲ್ಲಿಗೆ ಹೋಗುತ್ತದೆ?

ನವೆಂಬರ್ 12, 2023, ಭಾನುವಾರ

ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳನ್ನೆಲ್ಲ, ಅಂದರೆ ನರವಾಹಕಗಳನ್ನೆಲ್ಲ, ಅವುಗಳ ಕೆಲಸ ಮುಗಿದೊಡನೆ, ಕಿಣ್ವಗಳು ಸ್ಥಳದಲ್ಲಿಯೇ ಒಡೆದುಹಾಕುತ್ತವೆ ಎಂದು ನಾನು ಇಷ್ಟು ದಿನ ನಂಬಿಕೊಂಡಿದ್ದೆ. ಈ ವಿಷಯ ಓದುವಾಗ ಮೊದಲು ಎದುರಾಗುವ ಉದಾಹರಣೆ ಅಸಿಟೈಲ್‌ಕೋಲಿನ್ ಆಗಿರುವುದೇ ಇದಕ್ಕೆ ಕಾರಣವಿರಬೇಕು. ನರವೂ ಸ್ನಾಯುವೂ ಕೂಡುವಲ್ಲಿ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವಿದ್ದು, ಅದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಕೋಲಿನ್ ಮತ್ತು ಅಸಿಟೇಟ್‌ಗಳಾಗಿ ಸೀಳುತ್ತದೆ. ಆರ್ಗನೊಫಾಸ್ಫೇಟ್ ಕೀಟನಾಶಕಗಳು ಮೈಸೇರಿದಾಗ ಕಟ್ಟಿಹಾಕುವುದು ಇದೇ ಕಿಣ್ವವನ್ನು. ಆಗ ಒಡೆಯದ ಅಸಿಟೈಲ್‌ಕೋಲಿನ್ ಕೂಡಿಕೊಂಡು, ಜೊಲ್ಲು ಸುರಿದು, ಸ್ನಾಯುಗಳು ಅದುರಿ ಅದುರಿ ಸೋತು, ಕೊನೆಗೆ ಉಸಿರಾಟವೇ ನಿಂತುಹೋಗಬಹುದು.

ಆದರೆ ಇನ್ನೊಂದು ನರವಾಹಕವಾದ ನಾರ್‌ಅಡ್ರಿನಾಲಿನ್‌ನ ವಿಷಯ ಹಾಗಲ್ಲ. ಅದನ್ನು ಮಾರ್ಪಡಿಸುವ ಎರಡು ಕಿಣ್ವಗಳಲ್ಲಿ ಮೋನೊಅಮೈನ್ ಆಕ್ಸಿಡೇಸ್ ಮೊದಲೇ ಪರಿಚಿತವಾಗಿತ್ತು. ಇನ್ನೊಂದಾದ ಸಿಒಎಂಟಿಯನ್ನು 1950ರ ದಶಕದ ಕೊನೆಯ ಭಾಗದಲ್ಲಿ ಗುರುತಿಸಿದವರು ಅಮೆರಿಕದ ಜೀವರಸಾಯನ ವಿಜ್ಞಾನಿ ಜೂಲಿಯಸ್ ಆಕ್ಸೆಲ್‌ರಾಡ್. ಒಗಟು ಬಿಡಿಸಿದಂತಾಯಿತು ಎನ್ನುವಷ್ಟರಲ್ಲಿ, ಎರಡೂ ಕಿಣ್ವಗಳನ್ನು ತಡೆದರೂ ಆ ರಾಸಾಯನಿಕದ ಪ್ರಭಾವ ಬೇಗನೆ ಇಳಿಯುವುದು ಕಂಡುಬಂತು. ಹಾಗಾದರೆ ಅದು ಹೋಗುವುದೆಲ್ಲಿಗೆ? 1961ರಲ್ಲಿ ಅವರೂ ಸಹೋದ್ಯೋಗಿಗಳೂ ಬೆಕ್ಕುಗಳ ಕತ್ತಿನ ಒಂದು ಬದಿಯ ನರಗಂಟನ್ನು ತೆಗೆದು, ಆ ಬದಿಯ ನರತುದಿಗಳು ನಶಿಸಿದ ಮೇಲೆ, ವಿಕಿರಣಶೀಲ ಗುರುತುಳ್ಳ ನಾರ್‌ಅಡ್ರಿನಾಲಿನ್ ಚುಚ್ಚಿ ನೋಡಿದರು. ನರಗಳಿದ್ದ ಬದಿಯ ಜೊಲ್ಲುಗ್ರಂಥಿಯಲ್ಲಿ ಅದು ಧಾರಾಳವಾಗಿ ಶೇಖರವಾಗಿತ್ತು. ನರವಿಲ್ಲದ ಬದಿಯಲ್ಲಿ ಬಹಳ ಕಡಿಮೆ. ಸ್ರವಿಸಿದ ನರತುದಿಯೇ ಅದನ್ನು ಮರಳಿ ಒಳಗೆಳೆದುಕೊಳ್ಳುತ್ತದೆ ಎಂಬುದಕ್ಕೆ ಇಷ್ಟು ಸರಳವಾದ ಸಾಕ್ಷ್ಯ ಸಿಕ್ಕಿದ್ದು ನನಗೆ ಇಂದಿಗೂ ಅಚ್ಚರಿ. 1970ರ ನೊಬೆಲ್ ಪ್ರಶಸ್ತಿಯಲ್ಲಿ ಆಕ್ಸೆಲ್‌ರಾಡ್ ಅವರಿಗೂ ಪಾಲು ದೊರೆಯಿತು.

ಹೀಗೆ ಮರಳಿದ್ದರಲ್ಲಿ ಹೆಚ್ಚಿನದು ಪುನಃ ನರತುದಿಯೊಳಗಿನ ಕೋಶಿಕೆಗಳೆಂಬ ಪುಟ್ಟ ಚೀಲಗಳಲ್ಲಿ ತುಂಬಿಕೊಳ್ಳುತ್ತದೆ. ಈ ಚೀಲಗಳ ಹೊರಗುಳಿದದ್ದನ್ನು ಮಾತ್ರ, ಮೈಟೊಕಾಂಡ್ರಿಯದ ಹೊರಪೊರೆಯ ಮೇಲಿರುವ ಮೋನೊಅಮೈನ್ ಆಕ್ಸಿಡೇಸ್ ಒಡೆಯುತ್ತದೆ. ಸಿರೊಟೋನಿನ್, ಡೋಪಮೈನ್‌ಗಳ ದಾರಿಯೂ ಬಹುಮಟ್ಟಿಗೆ ಇದೇ. ಫ್ಲೂಆಕ್ಸೆಟಿನ್‌ನಂಥ ಖಿನ್ನತೆಯ ಔಷಧಗಳು ತಡೆಯುವುದು ಸಿರೊಟೋನಿನ್‌ನ ಒಡೆತವನ್ನಲ್ಲ, ಈ ಮರುಹೀರಿಕೆಯನ್ನು; ನನ್ನ ಟಿಪ್ಪಣಿಯಲ್ಲಿ ಇದನ್ನೂ ತಪ್ಪಾಗಿಯೇ ಬರೆದುಕೊಂಡಿದ್ದೆ.

ಗ್ಲುಟಮೇಟ್‌ ಎಂಬ ನರವಾಹಕದ್ದು ಇನ್ನೂ ಸುತ್ತುಬಳಸಿನ ಹಾದಿ. ಅದನ್ನು ಬಹುಪಾಲು ಹೀರಿಕೊಳ್ಳುವುದು ಸ್ರವಿಸಿದ ನರಕೋಶವಲ್ಲ, ಪಕ್ಕದ ಆಸ್ಟ್ರೊಸೈಟ್ ಎಂಬ ಪೋಷಕ ಕೋಶ. ಅದು ಗ್ಲುಟಮೇಟನ್ನು ನಿರಪಾಯಕರವಾದ ಗ್ಲುಟಮಿನ್ ಆಗಿ ಬದಲಿಸಿ ನರಕೋಶಕ್ಕೆ ಹಿಂದಿರುಗಿಸುತ್ತದೆ, ನರಕೋಶ ಅದನ್ನು ಮತ್ತೆ ಗ್ಲುಟಮೇಟ್ ಮಾಡಿಕೊಳ್ಳುತ್ತದೆ. ಇನ್ನು ನ್ಯೂರೊಪೆಪ್ಟೈಡ್‌ಗಳಿಗೆ, ಅಂದರೆ ಸಂದೇಶ ಒಯ್ಯುವ ಪುಟ್ಟ ಪ್ರೋಟೀನ್ ತುಣುಕುಗಳಿಗೆ, ಇಂಥ ಮರುಹೀರಿಕೆಯ ವ್ಯವಸ್ಥೆಯಿಲ್ಲ; ಅವು ದೂರ ಹರಡಿ, ಪೆಪ್ಟಿಡೇಸ್‌ ಕಿಣ್ವಗಳು ತುಂಡರಿಸುವ ತನಕ ಕೆಲಸ ಮಾಡುತ್ತಲೇ ಇರುತ್ತವೆ.