ಫಿಸಿಕ್ಸ್ ಲ್ಯಾಬಿನಲ್ಲಿ ನ್ಯಾಟ್ ಕಿಂಗ್ ಕೋಲ್

ನಮಗೆ ಅಮೆರಿಕದ ಜಾಜ್ ಹಾಡು ಕೇಳಿಸಿದ್ದು ಫಿಸಿಕ್ಸ್ ಮೇಷ್ಟ್ರು ಅಂದರೆ ಈಗಿನ ಹುಡುಗರು ನಂಬಲಿಕ್ಕಿಲ್ಲ. ಎಂಬತ್ತರ ದಶಕದ ಮಾತು. ಶನಿವಾರ ಪ್ರಾಕ್ಟಿಕಲ್ಸ್ ಮುಗಿದ ಮೇಲೆ ಸರ್ ಬೀರುವಿನಿಂದ ಟೇಪ್ ರೆಕಾರ್ಡರ್ ಹೊರಗೆ ತೆಗೆಯುತ್ತಿದ್ದರು. ಇಷ್ಟವಿದ್ದವರು ಕೂರಬಹುದಿತ್ತು. ನಾನು ಮೊದಮೊದಲು ಕೂತಿದ್ದು ನಮ್ಮೂರ ಬಸ್ಸು ತಡ ಅಂತ, ಹಾಡಿನ ಹುಚ್ಚಿಗೇನಲ್ಲ.

ಸರ್ ಶುರು ಮಾಡಿದ್ದೇ ಮೈಕಿನ ಪಾಠದಿಂದ. 1925ಕ್ಕೆ ಮುಂಚೆ ಹಾಡುವವರು ದೊಡ್ಡ ಕಹಳೆಯ ಬಾಯಿಗೆ ಗಟ್ಟಿಯಾಗಿ ಹಾಡಬೇಕಿತ್ತು. ಆ ದನಿಯ ಬಲಕ್ಕೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಆ ವರ್ಷದಿಂದ ಅಮೆರಿಕದ ರೆಕಾರ್ಡ್ ಕಂಪನಿಗಳು ಮೈಕು, ಆಂಪ್ಲಿಫೈಯರ್ ಬಳಸತೊಡಗಿದವು. ಕೂಗುವ ಕೆಲಸ ತಪ್ಪಿತು. ಬಿಂಗ್ ಕ್ರಾಸ್ಬಿಯಂಥವರು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡಿದರು. ಅವರನ್ನೇ ಜನ ಕ್ರೂನರ್ ಅಂದಿದ್ದು.

ಕಾಲೇಜ್ ಡೇಗೆ ತರಿಸಿದ್ದ ಮೈಕನ್ನು ಸರ್ ಒಮ್ಮೆ ಲ್ಯಾಬಿಗೇ ಎತ್ತಿಕೊಂಡು ಬಂದರು. ಒಂದು ಮೊಳ ದೂರ ನಿಂತು ಅಟೆಂಡೆನ್ಸ್ ಕೂಗಿದರು. ಮಾಮೂಲಿ ದನಿ. ಆಮೇಲೆ ತುಟಿ ತಾಗುವಷ್ಟು ಹತ್ತಿರ ಬಂದು ಅದೇ ಹೆಸರುಗಳನ್ನು ಮೆಲ್ಲಗೆ ಕರೆದರು. ದನಿ ದಪ್ಪಗಾಯಿತು. ಒಬ್ಬೊಬ್ಬರ ಹತ್ತಿರವೂ ಗುಟ್ಟು ಹೇಳುತ್ತಿದ್ದಾರೇನೋ ಅನ್ನಿಸಿತು. ಒಂದು ಬಗೆಯ ಮೈಕುಗಳಲ್ಲಿ ಹತ್ತಿರ ಬಂದಷ್ಟೂ ಕೆಳಗಿನ ಸ್ವರಗಳು ಜಾಸ್ತಿ ಕೇಳುತ್ತವೆ, ಅಷ್ಟೇ ವಿಷಯ. ಪಿ.ಬಿ. ಶ್ರೀನಿವಾಸ್ ಅವರ ಮೆಲುದನಿ ಅಷ್ಟು ಆಪ್ತವಾಗಿ ಯಾಕೆ ಕೇಳುತ್ತದೆ ಅಂತ ಅವತ್ತು ಸ್ವಲ್ಪ ಅರ್ಥವಾಯಿತು.

ಸರ್‌ಗೆ ಗಾಯಕ ಫ್ರಾಂಕ್ ಸಿನಾತ್ರಾ ಅಂದರೆ ಪ್ರಾಣ. 1940ರಲ್ಲಿ ಸಿನಾತ್ರಾ ಟಾಮಿ ಡಾರ್ಸಿಯ ಬ್ಯಾಂಡ್ ಸೇರಿದರು. ಡಾರ್ಸಿ ಟ್ರೊಂಬೋನ್ ಅನ್ನೋ ಊದುವ ಹಿತ್ತಾಳೆ ವಾದ್ಯ ನುಡಿಸುವಾಗ ಉಸಿರು ತೆಗೆದುಕೊಂಡದ್ದೇ ಗೊತ್ತಾಗುತ್ತಿರಲಿಲ್ಲವಂತೆ. ಬಾಯಿಯ ಮೂಲೆಯಿಂದ ಕದ್ದು ಉಸಿರೆಳೆಯುವ ಅದರ ಗುಟ್ಟನ್ನು ಸಿನಾತ್ರಾ ಹಿಂದೆ ಕೂತು ನೋಡಿ ಹಿಡಿದರು. ದಮ್ಮು ಹೆಚ್ಚಲಿ ಅಂತ ನೀರೊಳಗೆ ಈಜಿದರು. ಒಂದು ಸಾಲು ಮುಗಿಯಿತು ಅಂದುಕೊಳ್ಳುವಾಗ ಅದು ಮುಂದಿನ ಸಾಲಿಗೆ ಹರಿದುಬಿಡುತ್ತಿತ್ತು. ಅಲ್ಲಿ ಸರ್ ಟೇಪ್ ನಿಲ್ಲಿಸಿ, "ಎಲ್ಲಿ ಉಸಿರು ತಗೊಂಡ, ಹೇಳ್ರೋ" ಅನ್ನುತ್ತಿದ್ದರು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನನ್ನ ಓಟು ಮಾತ್ರ ಇನ್ನೊಬ್ಬ ಗಾಯಕ ನ್ಯಾಟ್ ಕಿಂಗ್ ಕೋಲ್‌ಗೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದವನಿಗೆ ಮೊದಲ ಸಲ ಇಂಗ್ಲಿಷ್ ಹಾಡಿನ ಪ್ರತಿ ಪದವೂ ತಿಳಿದದ್ದು ಆತನ ಬಾಯಲ್ಲಿ. ಕೊನೆಯ ಅಕ್ಷರವನ್ನೂ ನುಂಗುವುದಿಲ್ಲ. ಆತ ಮೂಲತಃ ಪಿಯಾನೋದವರು. 1956ರಲ್ಲಿ ಅಮೆರಿಕದ ಎನ್‌ಬಿಸಿ ಟಿವಿಯಲ್ಲಿ ಅವರದೇ ಕಾರ್ಯಕ್ರಮ ಶುರುವಾಯಿತು. ದೊಡ್ಡ ದೊಡ್ಡ ಕಲಾವಿದರು ಬಂದು ಹಾಡಿದರು. ಆದರೆ ಕರಿಯ ಗಾಯಕನ ಕಾರ್ಯಕ್ರಮಕ್ಕೆ ದೇಶದ ಮಟ್ಟದಲ್ಲಿ ಒಂದೇ ಒಂದು ಪ್ರಾಯೋಜಕ ಕಂಪನಿಯೂ ಸಿಗದೆ, ಮುಂದಿನ ವರ್ಷ ಅದು ನಿಂತಿತು. ಇದನ್ನು ಹೇಳುವಾಗ ಸರ್ ಮುಖ ಗಂಟಿಕ್ಕುತ್ತಿತ್ತು. ಅಂಥ ದನಿಯನ್ನು ಮನೆಯೊಳಗೆ ಬಿಟ್ಟುಕೊಂಡವರು ಮನುಷ್ಯನನ್ನು ಬಿಟ್ಟುಕೊಳ್ಳಲಿಲ್ಲ, ಅಲ್ವಾ?

ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಕಾಲೇಜ್ ಡೇ ದಿನ ಭಾವಗೀತೆಯ ಚರಣ ಮರೆತು ಅಳುತ್ತಾ ಸ್ಟೇಜು ಇಳಿದಳು. ಮುಂದಿನ ಶನಿವಾರ ಸರ್ ಒಂದೂ ಮಾತಾಡದೆ ಜಾಜ್ ಗಾಯಕಿ ಎಲಾ ಫಿಟ್ಜೆರಾಲ್ಡ್ 1960ರಲ್ಲಿ ಬರ್ಲಿನ್‌ನಲ್ಲಿ ಹಾಡಿದ್ದನ್ನು ಹಾಕಿದರು. ನಡುವೆ ಆಕೆಗೂ ಸಾಹಿತ್ಯ ಮರೆತುಹೋಗುತ್ತದೆ. ಆಕೆ ನಿಲ್ಲಿಸುವುದಿಲ್ಲ. ಮರೆತೆ ಅನ್ನುವುದನ್ನೇ ತಾಳಕ್ಕೆ ಕೂರಿಸಿ ಹಾಡುತ್ತಾರೆ, ಜಾಜ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ದನಿ ಅಣಕಿಸುತ್ತಾರೆ. ಆ ಹಾಡಿಗೇ ಗ್ರ್ಯಾಮಿ ಬಂತು. ಹುಡುಗಿ ಟೇಪ್ ಮನೆಗೆ ಒಯ್ದವಳು ತಿಂಗಳಾದರೂ ವಾಪಸ್ ಕೊಡಲಿಲ್ಲ.

ಈಗ ಎಲ್ಲವೂ ಫೋನಿನಲ್ಲೇ ಸಿಗುತ್ತದೆ. ಕೇಳುವ ಮನಸ್ಸಿದ್ದರೆ ಕೋಲ್ 1940ರ ದಶಕದಲ್ಲಿ ಪಿಯಾನೋ, ಗಿಟಾರ್, ಬಾಸ್ ಮೂರೇ ಇಟ್ಟುಕೊಂಡು ಹಾಡಿದ್ದನ್ನು ಮೊದಲು ಕೇಳಿ. ಆಮೇಲಿನ ರೆಕಾರ್ಡುಗಳಲ್ಲಿ ಪಿಟೀಲುಗಳ ಗಲಾಟೆ ನನಗೆ ಜಾಸ್ತಿಯೇ. ಸರ್ ಇದನ್ನು ಯಾವತ್ತೂ ಒಪ್ಪಲಿಲ್ಲ.