ಮೇಲ್ ಸರ್ವರ್ ಕಲಿಯಲು ಯಾವ ಕೋರ್ಸ್ ಸೇರಬೇಕು?

ಸಣ್ಣ ಕಂಪನಿಯಲ್ಲಿ ಸಿಸ್ಟಂ ಅಡ್ಮಿನ್ ಆಗಿ ಸೇರಿ, ‘ಮೇಲ್ ಕೂಡ ನೀವೇ ನೋಡಿಕೊಳ್ಳಿ’ ಎಂದು ಹೇಳಿಸಿಕೊಂಡವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ನನ್ನ ಉತ್ತರ: ಯಾವ ಕೋರ್ಸೂ ಬೇಡ. ಆ ದುಡ್ಡಿನಲ್ಲಿ ಒಂದು ಡೊಮೇನ್ ಕೊಂಡು, ಒಂದು ಚಿಕ್ಕ ವಿಪಿಎಸ್ (ಇಂಟರ್ನೆಟ್ಟಿನಲ್ಲಿರುವ ವರ್ಚುವಲ್ ಸರ್ವರ್) ಬಾಡಿಗೆಗೆ ಪಡೆಯಿರಿ. ದುಡ್ಡು ಕಟ್ಟುವ ಮೊದಲು ಎರಡು ವಿಷಯ ವಿಚಾರಿಸಿ: ಸರ್ವರ್‌ಗಳು ಒಂದಕ್ಕೊಂದು ಮೇಲ್ ದಾಟಿಸುವ 25ನೇ ಪೋರ್ಟಿನ ಮೂಲಕ ಮೇಲ್ ಹೊರಗೆ ಹೋಗಲು ಬಿಡುತ್ತಾರೆಯೇ? ಐಪಿ ವಿಳಾಸಕ್ಕೆ ರಿವರ್ಸ್ ಡಿಎನ್‌ಎಸ್ (ಆ ವಿಳಾಸ ಯಾವ ಹೆಸರಿನದೆಂದು ತಿಳಿಸುವ ದಾಖಲೆ) ಹಾಕಿಕೊಡುತ್ತಾರೆಯೇ? ಸ್ಪ್ಯಾಮ್‌ಗೆ ಹೆದರಿ ಎಷ್ಟೋ ಕ್ಲೌಡ್ ಸೇವೆಗಳು ಆ ಪೋರ್ಟನ್ನು ಮೊದಲೇ ಮುಚ್ಚಿರುತ್ತವೆ.

ಓದಲು ಎರಡೇ ಸಾಕು. ವೀಟ್ಸೆ ವೆನೆಮಾ ಬರೆದ, 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದ ಜೊತೆಗೇ ಬರುವ ಕೈಪಿಡಿ. ಮತ್ತು ಸರ್ವರ್‌ಗಳು ಮೇಲ್ ದಾಟಿಸುವಾಗ ಆಡುವ ಭಾಷೆಯಾದ ಎಸ್‌ಎಂಟಿಪಿಯ ನಿಯಮಗಳಿರುವ ಆರ್‌ಎಫ್‌ಸಿ 5321 ಎಂಬ ದಾಖಲೆ. ಎರಡನೆಯದನ್ನು ಪೂರ್ತಿ ಓದುವ ಹಠ ಬೇಡ. ಎದುರಿನ ಸರ್ವರ್ ಕೊಡುವ ಉತ್ತರ ಸಂಖ್ಯೆಗಳ ಭಾಗವನ್ನು ಓದಿದರೂ ಸಾಕು: 4ರಿಂದ ಶುರುವಾದರೆ ‘ಆಮೇಲೆ ಬಾ’, 5ರಿಂದ ಶುರುವಾದರೆ ‘ಬರಲೇಬೇಡ’. ‘ಆಮೇಲೆ ಬಾ’ ಎನ್ನಿಸಿಕೊಂಡ ಮೇಲನ್ನು ಪೋಸ್ಟ್‌ಫಿಕ್ಸ್ ತಾನಾಗಿ ಐದು ದಿನ ಸಾಲಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ. ಇದು ಗೊತ್ತಿಲ್ಲದೆ ಬಳಕೆದಾರರಿಗೆ ‘ಇನ್ನೊಮ್ಮೆ ಕಳುಹಿಸಿ’ ಎಂದು ಹೇಳುವ ಅಡ್ಮಿನ್‌ಗಳು ಬಹಳ.

ಇನ್ನು ಕೈಯಾರೆ ಮಾಡಲೇಬೇಕಾದ ಕೆಲಸ ಒಂದಿದೆ. ಟೆಲ್ನೆಟ್ (ಸರ್ವರಿಗೆ ನೇರವಾಗಿ ಆಜ್ಞೆ ಟೈಪಿಸುವ ಸಾಧನ) ತೆರೆದು ನಿಮ್ಮ ಸರ್ವರಿನ 25ನೇ ಪೋರ್ಟಿಗೆ ಹೋಗಿ, ಒಂದೊಂದೇ ಆಜ್ಞೆ ಟೈಪಿಸಿ ಒಂದು ಮೇಲ್ ಕಳುಹಿಸಿ. ಕಳುಹಿಸಿದವರ ವಿಳಾಸವನ್ನು ಎರಡು ಕಡೆ ಬರೆದಿರುತ್ತೀರಿ: ಒಮ್ಮೆ ಲಕೋಟೆಯ ಮೇಲೆ ಬರೆದಂತೆ ಸರ್ವರಿಗೆ, ಇನ್ನೊಮ್ಮೆ ಓದುಗರಿಗೆ ಕಾಣುವ ‘ಫ್ರಮ್’ ಸಾಲಿನಲ್ಲಿ. ಎರಡೂ ಒಂದೇ ಇರಬೇಕೆಂದು ಎಸ್‌ಎಂಟಿಪಿ ಎಲ್ಲೂ ಕಡ್ಡಾಯ ಮಾಡಿಲ್ಲ. ಮೋಸದ ಮೇಲ್‌ಗಳಿಗೆ ದಾರಿಯಾದದ್ದು ಇದೇ. ಇದನ್ನು ತಡೆಯುವ ವ್ಯವಸ್ಥೆಗಳು ಮೂರು. ಡೊಮೇನಿನ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳುಹಿಸಬಹುದೆಂದು ಡಿಎನ್‌ಎಸ್‌ನಲ್ಲಿ ಹೇಳುವ ಎಸ್‌ಪಿಎಫ್ ನೋಡುವುದು ಲಕೋಟೆಯ ವಿಳಾಸವನ್ನು. ಡಿಕಿಮ್ ಒಂದು ಡೊಮೇನಿನ ಹೆಸರಿನಲ್ಲಿ ಸಹಿ ಹಾಕುತ್ತದೆ. ಇವೆರಡರಲ್ಲಿ ಒಂದಾದರೂ ಪಾಸಾಗಿ ‘ಫ್ರಮ್’ ಸಾಲಿನ ಡೊಮೇನಿಗೆ ಹೊಂದಬೇಕು ಎನ್ನುವುದು ಡಿಮಾರ್ಕ್. ಮೇಲ್ ಫಾರ್ವರ್ಡ್ ಆದಾಗ ಎಸ್‌ಪಿಎಫ್ ಏಕೆ ಸೋಲುತ್ತದೆ, ಡಿಕಿಮ್ ಸಾಮಾನ್ಯವಾಗಿ ಏಕೆ ಉಳಿಯುತ್ತದೆ ಎಂಬುದು ಆಗ ಯಾರೂ ಹೇಳಿಕೊಡದೆಯೇ ಹೊಳೆಯುತ್ತದೆ. ಹತ್ತು ವಿಡಿಯೋ ನೋಡಿದವರಿಗೂ ಇದು ತಿಳಿದಿರುವುದಿಲ್ಲ, ಏಕೆಂದರೆ ವಿಡಿಯೋಗಳು ಯಾವ ಸಾಲನ್ನು ಎಲ್ಲಿ ಅಂಟಿಸಬೇಕೆಂದಷ್ಟೇ ಹೇಳುತ್ತವೆ.

ಡಿಮಾರ್ಕ್ ಅನ್ನು ಮೊದಲ ದಿನವೇ ‘ರಿಜೆಕ್ಟ್’ಗೆ (ಪಾಸಾಗದ ಮೇಲನ್ನು ತಿರಸ್ಕರಿಸಿ ಎಂಬುದಕ್ಕೆ) ಇಡಬೇಡಿ. ‘ನನ್’ (ಏನೂ ಮಾಡಬೇಡಿ) ಎಂದಿಟ್ಟು, ಬರುವ ವರದಿಗಳನ್ನು ಕೆಲವು ವಾರ ನೋಡಿ. ಕಂಪನಿಯ ಹೆಸರಿನಲ್ಲಿ ಮೇಲ್ ಕಳುಹಿಸುತ್ತಿರುವ, ನಿಮಗೆ ಯಾರೂ ತಿಳಿಸದ ಸಂಬಳದ ತಂತ್ರಾಂಶವೊಂದು ಖಂಡಿತ ಸಿಗುತ್ತದೆ. ಅಂಥವನ್ನೆಲ್ಲ ಎಸ್‌ಪಿಎಫ್ ದಾಖಲೆಗೆ ಸೇರಿಸುತ್ತಾ ಹೋದರೆ ಡಿಎನ್‌ಎಸ್ ವಿಚಾರಣೆಗಳ ಮಿತಿ 10 ದಾಟಿ, ದಾಖಲೆಯೇ ಕೆಲಸಕ್ಕೆ ಬಾರದಂತಾಗುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಮೇಲ್ ಕಳುಹಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ಸ್ಪ್ಯಾಮ್ ದೂರುಗಳ ಪ್ರಮಾಣ ಶೇ 0.3ರ ಒಳಗಿರಬೇಕು.

ಸ್ಪ್ಯಾಮ್ ಕಳುಹಿಸುವ ವಿಳಾಸಗಳನ್ನು ಡಿಎನ್‌ಎಸ್ ಮೂಲಕ ಕೇಳಿ ತಿಳಿಯುವ, ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿ ಬಳಸುವವರು ಒಂದು ಹಳ್ಳವನ್ನು ತಪ್ಪಿಸಬೇಕು. ಗೂಗಲ್‌ನ 8.8.8.8 ಥರದ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ ಪಟ್ಟಿಯ ಉತ್ತರ ಕೊಡದೆ 127.255.255.254 ಎಂಬ ದೋಷದ ಸಂಕೇತ ಕೊಡುತ್ತದೆ. ಏನೇ ಉತ್ತರ ಬಂದರೂ ಸ್ಪ್ಯಾಮ್ ಎಂದುಕೊಳ್ಳುವ ಸರ್ವರ್, ಒಳಬರುವ ಮೇಲನ್ನೆಲ್ಲ ಹಿಂದಕ್ಕಟ್ಟುತ್ತದೆ. ಸರ್ವರಿನಲ್ಲೇ ಅನ್‌ಬೌಂಡ್ ಎಂಬ ಸ್ವಂತ ಡಿಎನ್‌ಎಸ್ ತಂತ್ರಾಂಶ ಹಾಕಿಕೊಂಡರೆ ಈ ತೊಂದರೆ ಇಲ್ಲ.

ಇನ್ನು ಲಾಗ್, ಅಂದರೆ ಪೋಸ್ಟ್‌ಫಿಕ್ಸ್ ಪ್ರತಿ ಮೇಲಿಗೆ ಬರೆದಿಡುವ ದಾಖಲೆ. ‘ಸೆಂಟ್’ ಎಂದು ಕಂಡರೆ, ಎದುರಿನ ಸರ್ವರ್ 250 ಹೇಳಿ ಮೇಲನ್ನು ಒಪ್ಪಿಕೊಂಡಿದೆ ಎಂದರ್ಥ, ಅಷ್ಟೇ. ಇನ್‌ಬಾಕ್ಸಿಗೆ ಹಾಕಿತೋ ಸ್ಪ್ಯಾಮಿಗೆ ತಳ್ಳಿತೋ ಅದಕ್ಕೇ ಗೊತ್ತು. ಮೇಲ್ ತಲುಪಿಲ್ಲ ಎನ್ನುವ ಮ್ಯಾನೇಜರ್ ಜೊತೆ ವಾದಕ್ಕಿಳಿಯುವ ಮೊದಲು ಆ ಸಾಲನ್ನೂ, ಎದುರಿನ ಸರ್ವರ್ ಆ ಮೇಲಿಗೆ ಕೊಟ್ಟ ಕ್ಯೂ ಐಡಿ ಎಂಬ ಗುರುತನ್ನೂ ನಕಲಿಸಿಟ್ಟುಕೊಳ್ಳಿ; ಆ ಕಡೆಯ ಅಡ್ಮಿನ್ ಕೇಳುವುದೂ ಅದನ್ನೇ.

ಕನ್ನಡದಲ್ಲೇ ಇಮೇಲ್ ವಿಳಾಸ ಇಟ್ಟುಕೊಳ್ಳಬಹುದೇ ಎಂದೂ ಕೆಲವರು ಕೇಳುತ್ತಾರೆ. ಇಟ್ಟುಕೊಳ್ಳಬಹುದು. ಪೋಸ್ಟ್‌ಫಿಕ್ಸ್ 3.0ರಿಂದ ಅದಕ್ಕೆ ಬೆಂಬಲವಿದೆ, ಡೊಮೇನಿಗೆ ‘.ಭಾರತ’ ಕೂಡ ಇದೆ. ಎದುರಿನ ಸರ್ವರ್ ಒಪ್ಪದಿದ್ದರೆ ಮಾತ್ರ ಮೇಲ್ ವಾಪಸಾಗುತ್ತದೆ. ಕಲಿಯುವ ಸರ್ವರಿನಲ್ಲಿ ಅದನ್ನೂ ಪ್ರಯೋಗಿಸಿ ನೋಡಿ, ಆದರೆ ಬ್ಯಾಂಕಿನ ಒಟಿಪಿ ಬರುವ ವಿಳಾಸವನ್ನು ಮೊದಲ ವರ್ಷ ಆ ಸರ್ವರಿನ ಹತ್ತಿರ ಸುಳಿಯಗೊಡಬೇಡಿ.