ಗ್ರೀನ್‌ವುಡ್‌ನಿಂದ ಸಮ್ನರ್‌ಗೆ: ಎಮ್ಮೆಟ್ ಟಿಲ್ ಫಲಕಗಳ ದಾರಿ

1955ರಲ್ಲಿ ಕೊಲೆಯಾದ ಕಪ್ಪು ಹುಡುಗ ಎಮ್ಮೆಟ್ ಟಿಲ್‌ನ ನೆನಪಿನ ಫಲಕಗಳು ಅಮೆರಿಕದ ಮಿಸ್ಸಿಸ್ಸಿಪ್ಪಿ ಡೆಲ್ಟಾದಲ್ಲಿವೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೆಂಫಿಸ್‌ನಲ್ಲಿ ಕಾರು ಹಿಡಿದು ಕ್ಲಾರ್ಕ್ಸ್‌ಡೇಲ್ ಮೇಲಿಂದ ನೇರ, ಕೊಲೆಯ ವಿಚಾರಣೆ ನಡೆದ ಸಮ್ನರ್‌ಗೆ ಇಳಿಯುತ್ತಾರೆ. ಹಾಗೆ ಹೋದರೆ ಕೊಲೆಗೂ ಮುಂಚೆ ತೀರ್ಪು ಓದಿದಂತಾಗುತ್ತದೆ. ಹಿಂದಿನ ರಾತ್ರಿ ಗ್ರೀನ್‌ವುಡ್‌ನಲ್ಲಿ ಉಳಿದು, ಅಲ್ಲಿಂದ ಉತ್ತರಕ್ಕೆ ಹೊರಡಿ. ಆಗ 1955ರ ಘಟನೆಗಳು ನಡೆದ ಕ್ರಮದಲ್ಲೇ ಫಲಕಗಳು ಎದುರಾಗುತ್ತವೆ. ಒಟ್ಟು ದಾರಿ ಬಹಳ ಉದ್ದವೇನಲ್ಲ, ಆದರೆ ಒಂದಿಡೀ ದಿನ ಇಟ್ಟುಕೊಳ್ಳಿ. ಪೆಟ್ರೋಲು, ನೀರು, ಊಟ ಗ್ರೀನ್‌ವುಡ್‌ನಲ್ಲೇ ಮುಗಿಸಿಕೊಳ್ಳಿ. ಮುಂದಿನ ಊರುಗಳು ತೀರಾ ಚಿಕ್ಕವು.

ಸುಮಾರು ಹತ್ತು ಮೈಲಿಗೆ ಮನಿ ಎಂಬ ಜಾಗ. ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ಬ್ರಯಂಟ್ ಕಿರಾಣಿ ಅಂಗಡಿಯ ಪಾಳು ಗೋಡೆಗಳು. ಷಿಕಾಗೋದಿಂದ ನೆಂಟರ ಮನೆಗೆ ಬಂದಿದ್ದ 14 ವರ್ಷದ ಕಪ್ಪು ಹುಡುಗ ಎಮ್ಮೆಟ್ ಟಿಲ್ ಆಗಸ್ಟ್ 24ರಂದು ಈ ಅಂಗಡಿಗೆ ಬಂದ. ಅಂಗಡಿಯ ಬಿಳಿಯ ಹೆಂಗಸಿನ ಜೊತೆ ಸಲುಗೆಯಿಂದ ನಡೆದುಕೊಂಡನೆಂಬ ಆರೋಪ ಹುಟ್ಟಿತು. ಅವಳ ಗಂಡ ಮತ್ತು ಗಂಡನ ಮಲಸಹೋದರ 28ರ ನಡುರಾತ್ರಿ ಹುಡುಗನನ್ನು ಮನೆಯಿಂದ ಎಳೆದೊಯ್ದು ಕೊಂದರು.

ಅಂಗಡಿಯ ಸೂರು ಎಂದೋ ಕುಸಿದಿದೆ, ಬಳ್ಳಿ ಹಬ್ಬಿದೆ. ಅದು ಖಾಸಗಿ ಜಾಗ, ಗೋಡೆಗಳೂ ಭದ್ರವಿಲ್ಲ. ರಸ್ತೆಯಂಚಿನಿಂದಲೇ ನೋಡಿ. ಪಕ್ಕದ ಹಳೆಯ ಪೆಟ್ರೋಲ್ ಬಂಕ್ ಮಾತ್ರ ಹೊಸದರಂತೆ ಹೊಳೆಯುತ್ತಿದೆ. ನಾಗರಿಕ ಹಕ್ಕುಗಳ ತಾಣಗಳಿಗೆಂದೇ ರಾಜ್ಯ ಕೊಟ್ಟ ಅನುದಾನದಲ್ಲಿ, ಎರಡು ಲಕ್ಷ ಡಾಲರ್‌ಗೂ ಹೆಚ್ಚು ಖರ್ಚಾಗಿ, ಅದು ದುರಸ್ತಿಯಾಯಿತು. ಚರಿತ್ರೆ ನಡೆದ ಅಂಗಡಿ ಬಿದ್ದುಹೋಗುತ್ತಿರುವಾಗ ಪಕ್ಕದ ಬಂಕಿಗೆ ಬಣ್ಣ ಬಳಿದದ್ದು ಅನ್ಯಾಯ.

ಅಂಗಡಿಯ ಮುಂದಿನದು 2011ರಲ್ಲಿ ನೆಟ್ಟ ಫಲಕ, ನಾಗರಿಕ ಹಕ್ಕುಗಳ ತಾಣಗಳನ್ನು ಗುರುತಿಸುವ ಮಿಸ್ಸಿಸ್ಸಿಪ್ಪಿ ಫ್ರೀಡಂ ಟ್ರೇಲ್ ಎಂಬ ಫಲಕಗಳ ಸರಣಿಯ ಮೊಟ್ಟಮೊದಲನೆಯದು. ಇದರ ಎರಡೂ ಮುಖ ನೋಡಬೇಕು. ಮುಂಭಾಗದ ಅಕ್ಷರಗಳು ಲೋಹದಲ್ಲಿ ಎರಕ ಹೊಯ್ದವು. ಹಿಂಭಾಗದಲ್ಲಿ ಚಿತ್ರ, ಬರಹ ಅಚ್ಚಾದ ಹಾಳೆ ಅಂಟಿಸಿರುತ್ತಾರೆ. 2017ರಲ್ಲಿ ಯಾರೋ ಮೊದಲು ಫಲಕವನ್ನು ಗೀಚಿದರು, ಆಮೇಲೆ ಆ ಹಾಳೆಯನ್ನೇ ಸುಲಿದುಹಾಕಿದರು. ಅಂಟಿಸಿದ್ದನ್ನು ಕೀಳುವುದು ಸುಲಭ, ಎರಕ ಹೊಯ್ದದ್ದನ್ನು ಕೀಳಲಾಗುವುದಿಲ್ಲ.

ಅಲ್ಲಿಂದ ಗ್ಲೆಂಡೋರಾ, ಅದರಾಚೆ ಜಲ್ಲಿ ರಸ್ತೆಯಲ್ಲಿ ಗ್ರಾಬಾಲ್ ಲ್ಯಾಂಡಿಂಗ್ ಎಂಬ ನದಿದಂಡೆ. ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಮಳೆ ಬಿದ್ದ ಮರುದಿನ ಈ ದಾರಿ ಬೇಡವೇ ಬೇಡ. ಡೆಲ್ಟಾದ ಮಣ್ಣು ನಮ್ಮ ಧಾರವಾಡ, ಗದಗದ ಎರೆಮಣ್ಣಿನಂತೆಯೇ ಗಾಲಿಗೆ ಮೆತ್ತಿಕೊಳ್ಳುತ್ತದೆ. ಕಾರು ಜಲ್ಲಿ ಬಿಟ್ಟು ಅಂಚಿಗೆ ಇಳಿದರೆ ಅಲ್ಲೇ ಹೂತಿತು. ತಿರುಗಿಸಲು ಅಗಲ ಜಾಗ ಸಿಗುವವರೆಗೂ ಮುಂದೆ ಹೋಗಿ.

ಟ್ಯಾಲಹ್ಯಾಚಿ ನದಿಯಲ್ಲಿ ಟಿಲ್‌ನ ಶವ ಆಗಸ್ಟ್ 31ರಂದು ಸಿಕ್ಕಿತು. ಹತ್ತಿ ಜಿನ್ನಿನ ಸುಮಾರು 75 ಪೌಂಡ್ ತೂಕದ ಫ್ಯಾನನ್ನು ಮುಳ್ಳುತಂತಿಯಿಂದ ಕೊರಳಿಗೆ ಬಿಗಿದಿದ್ದರು. ಶವ ಸಿಕ್ಕ ಜಾಗ ಸರಿಯಾಗಿ ಇದೇ ಹೌದೋ ಅಲ್ಲವೋ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಫಲಕ ನಿಂತಿರುವುದು ಇಲ್ಲಿ.

ಇಲ್ಲಿನ ಮೊದಲ ಫಲಕ 2008ರದು. ಅದನ್ನು ಕಿತ್ತೊಯ್ದರು, ಮತ್ತೆ ಸಿಗಲಿಲ್ಲ. ಎರಡನೆಯದಕ್ಕೆ ಬಿದ್ದ ಗುಂಡಿನ ತೂತುಗಳು 317. 2018ರ ಜೂನ್‌ನಲ್ಲಿ ನೆಟ್ಟ ಮೂರನೆಯದಕ್ಕೆ 35 ದಿನದೊಳಗೆ ಗುಂಡು ಬಿತ್ತು. ಈಗಿರುವುದು ನಾಲ್ಕನೆಯದು, 2019ರ ಅಕ್ಟೋಬರ್‌ನದು: ಗುಂಡು ತೂರದ ಉಕ್ಕು, 500 ಪೌಂಡ್‌ಗೂ ಹೆಚ್ಚು ತೂಕ, ಕಾವಲಿಗೆ ಕ್ಯಾಮೆರಾ. ಮುಂದಿನ ತಿಂಗಳೇ ಬಿಳಿಯರ ಮೇಲ್ಮೆ ಸಾರುವ ಗುಂಪೊಂದು ಬಾವುಟ ಹಿಡಿದು ಬಂದಾಗ ಸೈರನ್ ಕೂಗಿಕೊಂಡಿತು, ಅವರು ಕಾಲ್ಕಿತ್ತರು. ತೂತುಬಿದ್ದ ಎರಡನೇ ಫಲಕವನ್ನು 2021ರಲ್ಲಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಪ್ರದರ್ಶನಕ್ಕಿಟ್ಟಿತು. ಬರೆದ ಸಾಲುಗಳಿಗಿಂತ ಆ ತೂತುಗಳೇ ಈ ಸೀಮೆಯ ಬಗ್ಗೆ ಹೆಚ್ಚು ಹೇಳುತ್ತವೆ.

ಹಿಂತಿರುಗಿ ಹೆದ್ದಾರಿ ಹಿಡಿದರೆ ಕೊನೆಗೆ ಸಮ್ನರ್. ನಡುಚೌಕದ ನ್ಯಾಯಾಲಯದಲ್ಲಿ ಸೆಪ್ಟೆಂಬರ್ 19ರಿಂದ 23ರವರೆಗೆ ವಿಚಾರಣೆ ನಡೆಯಿತು. ಕೋಣೆಯನ್ನು 1955ರಲ್ಲಿದ್ದ ರೂಪಕ್ಕೇ ತಂದಿದ್ದಾರೆ. ಅದು ಈಗಲೂ ಕಲಾಪ ನಡೆಯುವ ನ್ಯಾಯಾಲಯ. ಆದ್ದರಿಂದ ಎದುರಿಗಿರುವ ಎಮ್ಮೆಟ್ ಟಿಲ್ ಕೇಂದ್ರದಲ್ಲಿ ಮೊದಲೇ ವಿಚಾರಿಸಿ ದಿನ ಗೊತ್ತುಮಾಡಿಕೊಳ್ಳಿ, ಇಲ್ಲವಾದರೆ ಬಾಗಿಲಿನಿಂದಲೇ ವಾಪಸ್ಸು ಬರಬೇಕಾದೀತು. ಒಳಗೆ, ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿಯಾದ ಜ್ಯೂರಿಯ ಕುರ್ಚಿಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಟಿಲ್‌ನ ಅಜ್ಜನ ವಯಸ್ಸಿನ ಬಂಧು ಮೋಸಸ್ ರೈಟ್ ಸಾಕ್ಷಿಕಟ್ಟೆಯಲ್ಲಿ ಎದ್ದು ನಿಂತು ಆರೋಪಿಗಳತ್ತ ಬೆರಳು ತೋರಿಸಿದ್ದು ಈ ಕೋಣೆಯಲ್ಲೇ. ಜ್ಯೂರಿಯ ಹನ್ನೆರಡು ಬಿಳಿಯ ಗಂಡಸರು 67 ನಿಮಿಷದಲ್ಲಿ ಇಬ್ಬರೂ ನಿರ್ದೋಷಿಗಳೆಂದರು. ಮರುವರ್ಷ ಜನವರಿಯಲ್ಲಿ ಆ ಇಬ್ಬರೂ ಪತ್ರಿಕೆಯೊಂದಕ್ಕೆ ಕೊಲೆ ಒಪ್ಪಿಕೊಂಡರು.

ಹೊರಗಿನ ಫಲಕ 2007ರ ಅಕ್ಟೋಬರ್ 2ರದು. ನ್ಯಾಯ ತಪ್ಪಿತೆಂದು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಜನ ಟಿಲ್ ಕುಟುಂಬದ ಮುಂದೆ ಒಪ್ಪಿಕೊಂಡ ದಿನವದು, ತೀರ್ಪಿನ 52 ವರ್ಷಗಳ ನಂತರ. ಅದೇ ಆವರಣದಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಹೋರಾಡಿದ ದಕ್ಷಿಣದ ಸೈನಿಕರ ಕಲ್ಲಿನ ಸ್ಮಾರಕವೂ ಇದೆ. ಅದು 1913ರಿಂದಲೇ ನಿಂತಿದೆ.